ಕಾಲು ಎಟುಕುವ ಟ್ರ್ಯಾಕ್ಟರು

ಹಳೇ ಟ್ರ್ಯಾಕ್ಟರು ಗೇರ್‌ಬಾಕ್ಸ್ ಒಡೆದುಕೊಂಡು ಗುಡ್ಡದ ನಡುವೆ ಪ್ರಾಣ ಬಿಟ್ಟ ದಿನ ಮನೆಯಲ್ಲಿ ಮೊದಲು ಪೆಟ್ಟು ತಿಂದವಳು ಗಿಡ್ಡಿ. ಆ ಟ್ರ್ಯಾಕ್ಟರು ಗಿಡ್ಡಿ ಹುಟ್ಟುವ ಮೊದಲಿನಿಂದ ದುಡಿದಿತ್ತು. ಅವಳು ಅದನ್ನು ಹತ್ತಿದ್ದು ಮೊನ್ನೆ ಮೊನ್ನೆ. ಆದರೂ ಗಂಡನ ಲೆಕ್ಕದಲ್ಲಿ ಗೇರು ತಿಂದವಳು ಅವಳೇ.

"ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯ, ಇನ್ನೇನಾಗುತ್ತೆ?" ಎಂದು ಕೆನ್ನೆಗೆ ಬಿಟ್ಟ.

ಅವಳು ಒಲೆಯ ಮುಂದೆ ಗಂಜಿ ಕಲಕುತ್ತಿದ್ದಳು. ಸೌಟು ಕೈಜಾರಿ ಪಾತ್ರೆಯೊಳಗೆ ಮುಳುಗಿತು. ಅತ್ತೆ ಇಕ್ಕಳದಿಂದ ಸೌಟನ್ನು ಎತ್ತಿ ಒರೆಸುತ್ತಾ, "ಒಲೆ ಹತ್ತಿರ ಬೇಡ ಕಣೋ, ಗಂಜಿ ಚೆಲ್ಲುತ್ತೆ" ಎಂದಳು. ಸೊಸೆಯ ಕೆನ್ನೆಯ ಬಗ್ಗೆ ಅವಳ ತಕರಾರೇನೂ ಇರಲಿಲ್ಲ.

ಗಿಡ್ಡಿ ಅನ್ನುವುದು ಅತ್ತೆ ಇಟ್ಟ ಹೆಸರು. ಮದುವೆಯಾಗಿ ಬಂದ ಹೊಸದರಲ್ಲಿ ಮೇಲಿನ ಹಲಗೆಯ ಡಬ್ಬಿ ಎಟುಕದೆ ಸ್ಟೂಲು ಹುಡುಕುತ್ತಿದ್ದವಳನ್ನು ನೋಡಿ ನಕ್ಕು ಕರೆದದ್ದು, ಹಾಗೇ ಅಂಟಿಕೊಂಡಿತು. ಈಗ ಸೌದೆ ಕೊಳ್ಳಲು ಬರುವವರೂ "ಗಿಡ್ಡಮ್ಮ ಇದ್ದಾರಾ?" ಎಂದೇ ಕೇಳುತ್ತಾರೆ.

ಮನೆಯ ಹಿಂದೆ ಗುಡ್ಡ, ಗುಡ್ಡದ ತುಂಬ ಮರ. ಮನೆಯ ಅನ್ನ ಆ ಮರಗಳದ್ದು. ಒತ್ತಾಗಿ ಬೆಳೆದವನ್ನು ತೆಳು ಮಾಡಬೇಕು, ಗಾಳಿಗೆ ಬಿದ್ದವನ್ನು ದಾರಿಯಿಂದ ಎಳೆಯಬೇಕು, ತೊಲೆಗೆ ಸರಪಳಿ ಬಿಗಿದು ರಸ್ತೆಯ ಅಂಚಿಗೆ ತರಬೇಕು, ಬೇಸಿಗೆಗೆ ಮುಂಚೆ ಎಲ್ಲೆಯುದ್ದಕ್ಕೂ ತರಗೆಲೆ ಕೆರೆದು ಬೆಂಕಿ ದಾಟದಂತೆ ಬಯಲು ಮಾಡಬೇಕು. ಇದನ್ನೆಲ್ಲ ಮಾವ ಒಬ್ಬನೇ ಮಾಡುತ್ತಿದ್ದ. ಉರುಳಿಬಂದ ತೊಲೆಯೊಂದು ಅವನ ತೊಡೆ ಮುರಿದ ಮೇಲೆ ಊರುಗೋಲು ಹಿಡಿದು ಗೇಟಿನ ಬಳಿ ನಿಂತು ಕೂಗುವುದಷ್ಟೇ ಅವನಿಗೆ ಉಳಿಯಿತು. ಮಗ ಪೇಟೆಯ ಮರ ಕೊಯ್ಯುವ ಮಿಲ್ಲಿನಲ್ಲಿದ್ದ, ಅವನಿಗೆ ಗುಡ್ಡ ಬೇಡವಾಗಿತ್ತು. ಕೊನೆಗೆ ಮಾವ ಸೊಸೆಯನ್ನೇ ಸೀಟಿನ ಮೇಲೆ ಕೂರಿಸಿ ಬೈದು ಬೈದು ಕಲಿಸಿದ್ದ.

ಆ ಮನೆಯಲ್ಲಿ ಪೆಟ್ಟು ನೀರಿನ ಹಾಗೆ ಮೇಲಿನಿಂದ ಕೆಳಕ್ಕೆ ಹರಿಯುತ್ತಿತ್ತು. ಮಾವ ಅತ್ತೆಗೆ ಹೊಡೆಯುತ್ತಿದ್ದ. ಅತ್ತೆಯ ಕಿರುಬೆರಳು ಒಮ್ಮೆ ಮುರಿದು ಸೊಟ್ಟಗೇ ಕೂಡಿಕೊಂಡಿತ್ತು. ಗಂಡ ಗಿಡ್ಡಿಗೆ ಹೊಡೆಯುತ್ತಿದ್ದ. ಅವನು ಸುಸ್ತಾಗಿ ಬಿಟ್ಟ ಕಡೆಯಿಂದ ಅತ್ತೆ ಇಕ್ಕಳ ಹಿಡಿದು ಮುಂದುವರಿಸುತ್ತಿದ್ದಳು. ಇದನ್ನು ಯಾರೂ ಜಗಳ ಎಂದು ಕರೆಯುತ್ತಿರಲಿಲ್ಲ. ಹಲ್ಲುಜ್ಜುವುದು, ಕಸ ಗುಡಿಸುವುದು, ಹಾಗೇ ಇದೂ.

ಟ್ರ್ಯಾಕ್ಟರಿನ ಸೀಟಿನ ಮೇಲೆ ಮಾತ್ರ ಯಾರ ಕೈಯೂ ಬರುತ್ತಿರಲಿಲ್ಲ. ಹಿಂದೆ ತೊಲೆ ಎಳೆಯುತ್ತ ಇಳಿಜಾರಿನಲ್ಲಿ ಬರುವವಳ ಮೇಲೆ ಕೈಮಾಡಲು ಯಾರಿಗೆ ತಲೆ ಕೆಟ್ಟಿದೆ? ಬೆಳಗ್ಗೆ ಎದ್ದು ಗುಡ್ಡ ಹತ್ತಿದರೆ ಊಟದ ಹೊತ್ತಿನವರೆಗೆ ಅವಳ ಮೈ ಅವಳದ್ದು. ಅದಕ್ಕೇ ಟ್ರ್ಯಾಕ್ಟರು ನಿಂತಾಗ ಅವಳು ಅತ್ತದ್ದು ಕೆನ್ನೆಯ ಉರಿಗಲ್ಲ.

ಅದೇ ವಾರ ಗಂಡ ಮಿಲ್ಲಿನ ಮೇಸ್ತ್ರಿಯ ಮೂಗು ಒಡೆದು ಕೆಲಸ ಕಳೆದುಕೊಂಡು ಬಂದ. ಬೆರಳ ಗೆಣ್ಣುಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಮುಖದಲ್ಲಿ ಯುದ್ಧ ಗೆದ್ದ ಕಳೆ.

"ಇನ್ಮೇಲೆ ಗುಡ್ಡ ನಾನೇ ನೋಡ್ಕೋತೀನಿ" ಎಂದ, ರೊಟ್ಟಿ ಮುರಿಯುತ್ತ. "ಐವತ್ತೈದು ಎಚ್‌ಪಿದು ತರೋಣ. ಮುಂದೆ ಲೋಡರ್, ಹಿಂದೆ ತೊಲೆ ಎಳೆಯೋ ವಿಂಚು. ಸುತ್ತಮುತ್ತಲಿನವರ ತೋಪಿಗೂ ಬಾಡಿಗೆಗೆ ಹೋಗಬಹುದು."

"ಇಪ್ಪತ್ತೇಳು ಸಾಕು" ಎಂದ ಮಾವ.

"ಇಪ್ಪತ್ತೇಳರಲ್ಲಿ ಏನು ಹುಲ್ಲು ಕೊಯ್ಯೋದಾ? ದೊಡ್ಡ ತೊಲೆ ಕಟ್ಟಿದ್ರೆ ಮೂತಿ ಎತ್ಕೊಂಡು ಹಿಂದಕ್ಕೆ ಬೀಳುತ್ತೆ ಅದು."

"ತೊಲೆ ಗಿಡ್ಡ ಮಾಡಿ ಎಳೀಬಹುದು ಕಣೋ. ಮರ ಪಕ್ಕಕ್ಕೆ ಸರಿಸಕ್ಕಾಗುತ್ತಾ? ದಾರಿ ನೋಡಿದ್ದೀಯಾ ಎಷ್ಟಗಲ ಇದೆ?"

"ನೀನು ಹಳೇ ಕಾಲದೋನು, ನಿಂಗೇನು ಗೊತ್ತು."

ಮಾವನ ಕೈ ಮೇಲೆದ್ದಿತು. ಮಗನ ತೋಳಿನ ದಪ್ಪ ನೋಡಿ ಅದು ನಡುದಾರಿಯಲ್ಲಿ ದಿಕ್ಕು ಬದಲಿಸಿತು. ಬೇಳೆಯ ಬಟ್ಟಲು ಹಾರಿ ಅತ್ತೆಯ ಭುಜಕ್ಕೆ ಬಡಿಯಿತು. "ಬೇಳೇಲಿ ನೀರೇ ಇದೆ" ಎಂದ ಮಾವ. ಅತ್ತೆ ಸೆರಗಿನಿಂದ ಭುಜ ಒರೆಸಿಕೊಂಡು ಗಿಡ್ಡಿಯತ್ತ ತಿರುಗಿ, "ನೋಡ್ತಾ ಕೂತಿದ್ದೀಯಲ್ಲ, ನೆಲ ಯಾರು ಒರೆಸ್ತಾರೆ?" ಎಂದು ಬೆನ್ನಿಗೆ ಗುದ್ದಿದಳು.

ಮರುವಾರ ಎಲ್ಲರೂ ಡೀಲರನ ಅಂಗಳಕ್ಕೆ ಹೋದರು. ಡೀಲರ್ ಮಾತಿನಲ್ಲಿ ಜಾಣ. ಅಪ್ಪನ ಮುಂದೆ ಸಣ್ಣದನ್ನು ಹೊಗಳಿದ, ಮಗನ ಮುಂದೆ ದೊಡ್ಡದನ್ನು ಹೊಗಳಿದ, ಅತ್ತೆಗೆ ಕುರ್ಚಿ ಹಾಕಿಸಿದ. ಗಿಡ್ಡಿ ಯಾರನ್ನೂ ಕೇಳದೆ ದೊಡ್ಡ ಟ್ರ್ಯಾಕ್ಟರಿನ ಮೇಲೆ ಹತ್ತಿ ಕೂತಳು. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದಳು. ಕಾಲು ಚಾಚಿದಳು. ಕ್ಲಚ್ ಪೆಡಲಿಗೂ ಅವಳ ಹೆಬ್ಬೆರಳಿಗೂ ನಡುವೆ ಒಂದು ಗೇಣು ಗಾಳಿ.

ಗಂಡ ಹೊಟ್ಟೆ ಹಿಡಿದು ನಕ್ಕ. "ಇಳಿಯೇ. ಒಲೆ ಮುಂದೆ ಕೂರೋಕೆ ಕ್ಲಚ್ ಬೇಕಾಗಲ್ಲ."

ಅವಳಿಗೆ ಹೊಳೆಯಿತು. ದೊಡ್ಡದು ಬಂದರೆ ಅವನು ಸೀಟಿನ ಮೇಲೆ, ತಾನು ಬೆಳಗಿನಿಂದ ರಾತ್ರಿಯವರೆಗೆ ಅತ್ತೆಯ ಇಕ್ಕಳ ಎಟುಕುವಷ್ಟು ದೂರದಲ್ಲಿ. ಇಳಿದು ಸಣ್ಣದರ ಮೇಲೆ ಕೂತು ನೋಡಿದಳು. ಪಾದ ಪೆಡಲಿನ ಮೇಲೆ ಪೂರ್ತಿ ಕೂತಿತು. ಆ ಪಾದವನ್ನು ಅಲ್ಲಿಂದ ತೆಗೆಯಲು ಅವಳಿಗೆ ಮನಸ್ಸೇ ಬರಲಿಲ್ಲ.

"ಮೊದಲು ಒಂದು ದಿನ ನಿಮ್ಮ ಗುಡ್ಡದಲ್ಲೇ ಓಡಿಸಿ ನೋಡಿ" ಎಂದ ಡೀಲರ್. "ಯಾವುದು ಬೇಕೋ ಹೇಳಿ, ತಂದು ಇಳಿಸ್ತೀನಿ. ಒಪ್ಪಿದ್ಮೇಲೆ ಕಾಗದಕ್ಕೆ ಸಹಿ."

ಗುಡ್ಡ ಮಾವನ ಹೆಸರಿನಲ್ಲಿತ್ತು, ಸಹಿ ಅವನದೇ ಆಗಬೇಕು. ಅವನು ಯೋಚಿಸಿ ಒಂದು ಉಪಾಯ ತೆಗೆದ. ಎರಡೂ ಟ್ರ್ಯಾಕ್ಟರುಗಳ ಅಗಲ, ಎತ್ತರ ಕೇಳಿಕೊಂಡು ಬಂದು, ಸಣ್ಣ ಗಳಗಳನ್ನು ಮೊಳೆ ಹೊಡೆದು ಎರಡು ಚೌಕಟ್ಟು ಮಾಡಿಸಿದ, ಬಾಗಿಲಿಲ್ಲದ ಬಾಗಿಲವಾಡದ ಹಾಗೆ. ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಗೇಟಿನಿಂದ ಗುಡ್ಡದ ನೆತ್ತಿಯವರೆಗೆ ಹೊತ್ತು ಹೋಗಿ ಬರಬೇಕು. ಮರಕ್ಕೆ ತಾಗದೆ ಬಂದರೆ ಆ ಟ್ರ್ಯಾಕ್ಟರು ದಾರಿಯಲ್ಲಿ ಹಿಡಿಯುತ್ತದೆ ಎಂದರ್ಥ.

"ಬಟ್ಟೆ ಹೊಲಿಸೋಕೆ ಅಳತೆ ತಗೊಂಡ ಹಾಗಿದೆ" ಎಂದು ಅತ್ತೆ ನಕ್ಕಳು. ಮಾವ ಸುಮ್ಮನೆ ಅವಳತ್ತ ನೋಡಿದ, ನಗು ನಿಂತಿತು.

ಸಣ್ಣ ಚೌಕಟ್ಟು ಸಲೀಸಾಗಿ ಹೋಗಿ ಬಂತು. ದೊಡ್ಡದನ್ನು ಗಂಡ ಒಂದು ಕಡೆ, ಗಿಡ್ಡಿ ಒಂದು ಕಡೆ, ಕೆಳತುದಿ ಸೊಂಟದೆತ್ತರಕ್ಕೆ ಬರುವಂತೆ ಎತ್ತಿ ಹಿಡಿದು ನಡೆದರು. ಮೊದಲ ತಿರುವಿನಲ್ಲೇ ಜೋಡಿಮರದ ನಡುವೆ ಸಿಕ್ಕಿಕೊಂಡಿತು. ಓರೆ ಮಾಡಿ ದಾಟಿಸಿದರೆ ಬಂಡೆಯ ಪಕ್ಕ ಸಿಕ್ಕಿತು. ತೊರೆ ದಾಟುವಲ್ಲಂತೂ ಮೂರು ಮರ ಎದುರು ನಿಂತಿದ್ದವು. ಕೆಳಗೆ ಬಂದಾಗ ಚೌಕಟ್ಟಿನ ಮೂಲೆಗಳೆಲ್ಲ ಸುಲಿದಿದ್ದವು.

"ಆಯ್ತಲ್ಲ" ಎಂದ ಮಾವ. "ಇಪ್ಪತ್ತೇಳು."

"ನಾಲ್ಕು ಮರ ಕೊಯ್ದರೆ ದಾರಿ ಆಗುತ್ತೆ."

"ಟ್ರ್ಯಾಕ್ಟರು ಮರಕ್ಕೋಸ್ಕರ ಕಣೋ ಮುಠ್ಠಾಳ, ಮರ ಟ್ರ್ಯಾಕ್ಟರಿಗೋಸ್ಕರ ಅಲ್ಲ. ಮಿಲ್ಲಲ್ಲಿ ಮಲಗಿದ ಮರ ನೋಡಿದ್ದೀಯ ನೀನು, ನಿಂತ ಮರ ನೋಡಿಲ್ಲ."

ಮಾತು ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಮಾವ ಊರುಗೋಲಿನ ತುದಿಯಿಂದ ಮಗನ ಎದೆಗೆ ತಿವಿದ. ಮಗ ಚೌಕಟ್ಟನ್ನು ನೆಲಕ್ಕೆ ಅಪ್ಪಳಿಸಿದ, ಗಳಗಳು ಕಿತ್ತುಬಂದವು. ಮೊಳೆಯಿದ್ದ ಗಳವೊಂದನ್ನು ಎತ್ತಿ ಅಪ್ಪನ ಹಣೆಗೆ ಬೀಸಿದ. ಮಾವ ಗೇಟಿಗೆ ಒರಗಿ ಕುಸಿದ. ಹುಬ್ಬಿನ ಮೇಲೆ ಚರ್ಮ ಬಿಚ್ಚಿಕೊಂಡು ರಕ್ತ ಕಣ್ಣಿಗಿಳಿಯಿತು. ಅತ್ತೆ ಚೀರಿದಳು, ಆದರೆ ನಡುವೆ ಬರಲಿಲ್ಲ. ಗಿಡ್ಡಿ ಮಾವನ ತಲೆಗೆ ತನ್ನ ಸೆರಗನ್ನು ಒತ್ತಿ ಹಿಡಿದಳು. ಆ ಮುದುಕ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡ. ಹೊಡೆಯುವ ಕೈ ಆಸರೆ ಹುಡುಕುವುದನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮೊದಲ ರೊಟ್ಟಿಯನ್ನು ಮಗನ ತಟ್ಟೆಗೆ ಹಾಕಿದಳು. ಮಾವ ಹಣೆಗೆ ಕಟ್ಟಿದ ಬಟ್ಟೆಯ ಕೆಳಗಿನಿಂದ ನೋಡಿದ. ಕೈ ತೊಳೆಯುವಾಗ, "ಅಡ್ಡ ಇರೋ ಮರ ಕೊಯ್ಕೋ. ಇನ್ನೊಂದ್ಸಲ ಚೌಕಟ್ಟು ಹೋಗಿಬರಲಿ. ಎಲ್ಲೂ ತಾಗದಿದ್ರೆ ನಿನ್ನಿಷ್ಟ" ಎಂದ. ಧ್ವನಿ ಅವನದೇ, ಆದರೆ ಒಳಗೆ ಬೇರೆ ಯಾರೋ ಮಾತಾಡಿದಂತಿತ್ತು.

ಮರುದಿನದಿಂದ ಗುಡ್ಡದಲ್ಲಿ ಗರಗಸದ ಮೋಟಾರು ಕಿರುಚತೊಡಗಿತು. ಗಿಡ್ಡಿಗೆ ಪೆಟ್ರೋಲಿನ ಡಬ್ಬ, ನೀರು, ಊಟ ಹೊರುವ ಕೆಲಸ. ಗಂಡ ಮರ ಕೊಯ್ಯುವುದನ್ನು ಅವಳು ಎವೆಯಿಕ್ಕದೆ ನೋಡಿದಳು. ಅವನಿಗೆ ಸೊಂಟ ಬಗ್ಗಿಸಿ ಅಭ್ಯಾಸವಿಲ್ಲ. ಮಿಲ್ಲಿನಲ್ಲಿ ಮರ ಮೇಜಿನೆತ್ತರಕ್ಕೆ ತಾನೇ ಬಂದು ಮಲಗುತ್ತಿತ್ತು. ಇಲ್ಲಿಯೂ ಅವನು ನಿಂತ ಹಾಗೇ ಗರಗಸ ಇಟ್ಟ. ಮರ ಬಿತ್ತು, ಮೊಣಕಾಲೆತ್ತರದ ಬುಡ ನೆಲದಲ್ಲೇ ಉಳಿಯಿತು.

"ರೀ, ನೆಲದ ಮಟ್ಟಕ್ಕೆ ಕೊಯ್ಯಿರಿ" ಎಂದಳು ಅವಳು. "ಬುಡ ಇಷ್ಟೆತ್ತರ ಬಿಟ್ರೆ ಟ್ರ್ಯಾಕ್ಟರು..."

ಅವನು ಗರಗಸ ಆರಿಸಿದ. ಎರಡು ಹೆಜ್ಜೆ ಬಂದ. ಅವಳ ಕೈಯಲ್ಲಿದ್ದ ಡಬ್ಬವನ್ನೇ ಕಿತ್ತು ಅದರಿಂದಲೇ ಕಿವಿಯ ಮೇಲೆ ಬಾರಿಸಿದ. "ನನಗೆ ಮರ ಕೊಯ್ಯೋದು ಕಲಿಸ್ತೀಯಾ? ಹತ್ತು ವರ್ಷ ಮಿಲ್ಲಲ್ಲಿ ಕತ್ತೆ ಕಾಯ್ದೆನಾ ನಾನು?"

ಕಿವಿಯೊಳಗೆ ಗುಂಯ್ ಎನ್ನುವುದು ಸಂಜೆಯವರೆಗೂ ನಿಲ್ಲಲಿಲ್ಲ. ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಕೊಯ್ದ ಜಾಗಕ್ಕೆ ಬಿಸಿಲು ಇಳಿಯಿತು, ಒಂದು ಹದ ಮಳೆಯೂ ಬಂತು. ನೋಡನೋಡುತ್ತಲೇ ಜರೀಗಿಡ, ಹುಲ್ಲು ಎದ್ದು ಬುಡಗಳನ್ನೆಲ್ಲ ಮುಚ್ಚಿಹಾಕಿತು.

ಕಿತ್ತುಬಂದ ದೊಡ್ಡ ಚೌಕಟ್ಟನ್ನು ಮತ್ತೆ ಮೊಳೆ ಹೊಡೆದು ಜೋಡಿಸಿ, ಎರಡನೇ ಸಲ ಹೊತ್ತು ಹೊರಟರು. ಮೊದಲಿನ ಹಾಗೆಯೇ ಸೊಂಟದೆತ್ತರಕ್ಕೆ ಹಿಡಿದರು. ಬುಡಗಳ ಮೇಲೆ, ಜರೀಗಿಡದ ತಲೆ ಸವರಿಕೊಂಡು, ಚೌಕಟ್ಟು ಹಕ್ಕಿಯಂತೆ ಹಾರಿಹೋಯಿತು. ಕೆಳಗಿನಿಂದ ಏನೂ ಕಾಣದ ಮಾವ ಗೇಟಿನ ಬಳಿ ಕಾದಿದ್ದ.

"ಎಲ್ಲಾದ್ರೂ ತಾಗಿತೇನಮ್ಮ?" ಎಂದು ಅವನು ಕೇಳಿದ್ದು ಸೊಸೆಯನ್ನು.

"ಇಲ್ಲ ಮಾವ" ಎಂದಳು ಗಿಡ್ಡಿ.

ಸುಳ್ಳೇನಲ್ಲ. ಚೌಕಟ್ಟು ಯಾವುದಕ್ಕೂ ತಾಗಿರಲಿಲ್ಲ. ಆದರೆ ಟ್ರ್ಯಾಕ್ಟರು ಸೊಂಟದೆತ್ತರದಲ್ಲಿ ಹಾರುವುದಿಲ್ಲ ಎಂಬುದು ಆ ಮೂವರಲ್ಲಿ ಅವಳಿಗೊಬ್ಬಳಿಗೇ ಹೊಳೆದಿತ್ತು. ಬರಲಿ, ಓಡಿಸಿ ನೋಡುವ ದಿನ ಎಲ್ಲರೆದುರು ಸಿಕ್ಕಿಹಾಕಿಕೊಳ್ಳಲಿ, ಡೀಲರ್ ವಾಪಸು ಒಯ್ಯಲಿ, ಆಮೇಲೆ ಸಣ್ಣದು ಬರದೆ ಎಲ್ಲಿಗೆ ಹೋಗುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದಳು. ಲೆಕ್ಕದಲ್ಲಿ ಸೇಡಿನ ಪಾಲೂ ಇತ್ತು, ಅದನ್ನು ತನ್ನಿಂದ ತಾನು ಮುಚ್ಚಿಡಲೂ ಹೋಗಲಿಲ್ಲ.

ಡೀಲರ್ ಲಾರಿಯಿಂದ ದೊಡ್ಡ ಟ್ರ್ಯಾಕ್ಟರನ್ನು ಗೇಟಿನ ಮುಂದೆ ಇಳಿಸಿದ. ಹೊಸ ಬಣ್ಣ ಕಣ್ಣು ಕುಕ್ಕುತ್ತಿತ್ತು. ಗಂಡ ಮದುಮಗನ ಗತ್ತಿನಲ್ಲಿ ಹತ್ತಿ ಕೂತ. ಮಾವ, ಅತ್ತೆ ಗೇಟಿನಲ್ಲೇ ಉಳಿದರು. ಗಿಡ್ಡಿ ತೊಲೆ ಉರುಳಿಸುವ ಕೊಕ್ಕೆಗೋಲು ಹೆಗಲಿಗೇರಿಸಿ, ಸರಪಳಿ ಹೊತ್ತ ಡೀಲರನ ಜೊತೆ ಹಿಂದೆ ನಡೆದಳು. ಆ ಕೋಲು ಅವಳಷ್ಟೇ ಉದ್ದ, ತುದಿಗೆ ಬಾಗಿದ ಕಬ್ಬಿಣ. ತೊಲೆಗೆ ಸರಪಳಿ ಬಿಗಿಯಬೇಕಾದರೆ ಅದು ಬೇಕೇ ಬೇಕು.

"ನಿಧಾನಕ್ಕೆ ಹೋಗಿ ಸಾರ್" ಎಂದು ಡೀಲರ್ ಕೂಗಿದ.

ಗಂಡನಿಗೆ ನಿಧಾನ ಎಲ್ಲಿಯದು? ಮೊದಲ ತಿರುವನ್ನು ಜೋರಾಗಿ ತೆಗೆದುಕೊಂಡ. ಜರೀಗಿಡದೊಳಗಿಂದ ಧಡ್ ಎಂದು ಸದ್ದಾಯಿತು. ಮುಂದಿನ ಅಚ್ಚು ಬುಡದ ಮೇಲೆ ಹತ್ತಿ ಕೂತುಕೊಂಡಿತು. ಅವನು ಇಳಿದು ನೋಡಬೇಕಿತ್ತು. ನೋಡಲಿಲ್ಲ. ಇನ್ನಷ್ಟು ಆಕ್ಸಿಲರೇಟರ್ ಕೊಟ್ಟ. ಟ್ರ್ಯಾಕ್ಟರು ಬುಡದ ಮೇಲೆ ಮುಗ್ಗರಿಸಿ ಮುಂದಕ್ಕೆ ಜಾರಿತು, ಎಂಜಿನ್ನಿನ ಹೊಟ್ಟೆಯಲ್ಲಿ ಏನೋ ಕರಕ್ಕೆಂದಿತು, ಆಯಿಲ್ಲು ಧಾರೆಯಾಗಿ ಎಲೆಗಳ ಮೇಲೆ ಸುರಿಯಿತು. ಇಷ್ಟು ಆಗಲೆಂದು ಗಿಡ್ಡಿಯೂ ಬಯಸಿರಲಿಲ್ಲ.

"ಅಯ್ಯೋ, ಆಫ್ ಮಾಡ್ರೀ!" ಎಂದು ಡೀಲರ್ ಓಡಿದ. ಬಗ್ಗಿ ಜರೀಗಿಡ ಸರಿಸಿ ನೋಡಿ ತಲೆ ಹಿಡಿದುಕೊಂಡ. "ಇಷ್ಟೆತ್ತರ ಬುಡ ಬಿಟ್ಟಿದ್ದೀರಲ್ಲ, ಯಾರ್ರೀ ಕೊಯ್ದಿದ್ದು ಇದನ್ನ? ಮಗು ಕೂಡ ಹೀಗೆ ಕೊಯ್ಯಲ್ಲ."

ಗಂಡ ಇಳಿದ. ಬುಡ ನೋಡಿದ, ಆಯಿಲ್ಲು ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ.

"ನಿಂಗೆ ಗೊತ್ತಿತ್ತು."

"ಹೇಳಿದ್ದೆ. ಹೇಳಿದ್ದಕ್ಕೆ ಡಬ್ಬದಲ್ಲಿ ಹೊಡೆದ್ರಿ."

"ಅಪ್ಪ ಕೇಳ್ದಾಗ ಯಾಕೆ ಬಾಯಿ ಬಿಡಲಿಲ್ಲ? ನಗ್ತಿದ್ದೆ ಅಲ್ವಾ ಒಳಗೊಳಗೇ?"

ಅವನು ಡೀಲರನ ಕೈಯಿಂದ ಸರಪಳಿ ಕಿತ್ತುಕೊಂಡ. ಎರಡು ಸುತ್ತು ಮುಂಗೈಗೆ ಸುತ್ತಿ, ಉಳಿದ ತುದಿಯನ್ನು ಜೋಲುಬಿಟ್ಟು ಬಂದ. "ಸಾರ್, ಸಾರ್" ಎನ್ನುತ್ತ ಡೀಲರ್ ಹಿಂದೆ ಸರಿದು ಮರದ ಮರೆಗೆ ಹೋದ. ಮೊದಲ ಏಟು ಗಿಡ್ಡಿಯ ಭುಜಕ್ಕೆ ಬಿತ್ತು. ಮೂಳೆಯವರೆಗೆ ಉರಿ ಇಳಿಯಿತು. ಇನ್ನೊಂದಕ್ಕೆ ಅವನು ಕೈಯೆತ್ತಿದಾಗ ಅವಳಿಗೆ ತಾನು ಸಾಯುತ್ತೇನೆ ಎನ್ನಿಸಿತು. ಭಯಕ್ಕಿಂತ ಹೆಚ್ಚಾಗಿ ರೇಗಿತು.

ಕೊಕ್ಕೆಗೋಲು ತಾನಾಗಿ ಬೀಸಿತು ಎಂದು ಆಮೇಲೆ ಡೀಲರನಿಗೆ ಹೇಳಿದಳು. ಅದು ನಿಜವಲ್ಲ. ಅವಳು ಎರಡೂ ಕೈಯಲ್ಲಿ ಹಿಡಿದು, ತೊಲೆ ಉರುಳಿಸುವಾಗ ಮೈಭಾರ ಹಾಕುವ ಹಾಗೆಯೇ ಭಾರ ಹಾಕಿ ಬೀಸಿದ್ದಳು. ಅವನ ಮೊಣಕೈ ಒಣಕಡ್ಡಿಯ ಸದ್ದು ಮಾಡಿತು. ಸರಪಳಿ ಕೆಳಗೆ ಬಿತ್ತು. ಅವನು ಬಾಯಿ ತೆರೆದು ನಿಂತ, ನಂಬಿಕೆ ಬಾರದವನಂತೆ. ಮತ್ತೆ ಬೀಸಿದಳು, ಮೊಣಕಾಲು ಕಳಚಿ ಅವನು ಆಯಿಲ್ಲಿನ ಮೇಲೆ ಬಿದ್ದ.

"ಬೇಡ ಕಣೇ" ಎಂದ ಅವನು ಅಲ್ಲಿಂದ. "ಬೇಡ, ಬಿಟ್ಬಿಡು."

ಅವಳು ಇನ್ನೊಂದು ಸಲ ಹೊಡೆದಳು, ಪಕ್ಕೆಗೆ. ಅದು ಬೇಕಿರಲಿಲ್ಲ. ಸರಪಳಿ ದೂರವಿತ್ತು, ಅವನು ಏಳುವಂತಿರಲಿಲ್ಲ, ಅವಳಿಗೆ ಅದೆಲ್ಲ ಕಾಣುತ್ತಿತ್ತು. ಕಂಡೂ ಹೊಡೆದಳು. ನಾಲ್ಕನೆಯದಕ್ಕೆ ಎತ್ತಿದ ಕೋಲನ್ನು ಡೀಲರ್ ಹಿಂದಿನಿಂದ ಬಂದು ತಬ್ಬಿ ಹಿಡಿದ.

ಸದ್ದು ಕೇಳಿ ಮಾವ ಕುಂಟುತ್ತ ಮೇಲೆ ಬಂದ. ನೆಲದಲ್ಲಿ ನರಳುವ ಮಗನನ್ನು ನೋಡಿದ. ಸೊಸೆ ಅವನತ್ತ ತಿರುಗಿದಳು, ಕೋಲು ಇನ್ನೂ ಕೈಯಲ್ಲೇ ಇತ್ತು. ಮಾವ ಒಂದು ಹೆಜ್ಜೆ ಹಿಂದೆ ಸರಿದ, ಸರಿಯಾಗಿ ಆ ಕೋಲು ತಲುಪದಷ್ಟು ದೂರಕ್ಕೆ.

ಆಸ್ಪತ್ರೆಯಲ್ಲಿ ಗಂಡ ಟ್ರ್ಯಾಕ್ಟರಿನಿಂದ ಬಿದ್ದೆ ಎಂದ. ಹೆಂಡತಿ ಹೊಡೆದಳು ಎನ್ನಲು ಅವನ ನಾಲಿಗೆ ಏಳಲಿಲ್ಲ. ಡೀಲರನೂ ಹೌದೆಂದು ತಲೆಯಾಡಿಸಿದ. ಒಡೆದ ಎಂಜಿನ್ನಿನ ಬಾಬ್ತಿಗೆ, ಕೊಯ್ದ ತೊಲೆಗಳನ್ನೆಲ್ಲ ಮಾವ ಅವನಿಗೇ ಬಿಟ್ಟುಕೊಟ್ಟಿದ್ದ, ಅವನಿಗೆ ಬೇರೆ ಮಾತು ಬೇಕಿರಲಿಲ್ಲ. ಮುಂದಿನ ತಿಂಗಳು ಇಪ್ಪತ್ತೇಳು ಎಚ್‌ಪಿಯ ಟ್ರ್ಯಾಕ್ಟರು ಬಂತು. ಎಲ್ಲಿ ಸಹಿ ಹಾಕಲಿ ಎಂದು ಮಾವ ಸೊಸೆಯನ್ನು ಕೇಳಿ ಹಾಕಿದ.

ಗಿಡ್ಡಿ ಮೊದಲು ಮಾಡಿದ ಕೆಲಸ ಬುಡಗಳನ್ನು ನೆಲಮಟ್ಟಕ್ಕೆ ಕೊಯ್ದದ್ದು. ಆಮೇಲೆ ಎಲ್ಲೆಯ ತರಗೆಲೆ ಕೆರೆದಳು. ಸಣ್ಣ ಟ್ರ್ಯಾಕ್ಟರು ಮರಗಳ ನಡುವೆ ನುಸುಳಿ ತಿರುಗುತ್ತಿತ್ತು. ಉದ್ದದ ತೊಲೆಯನ್ನು ಎರಡು ತುಂಡು ಮಾಡಿದರೆ ಮೂತಿ ಎತ್ತದೆ ಎಳೆಯುತ್ತಿತ್ತು. ಗುಡ್ಡದಲ್ಲಿ ಅವಳು ಸಿಳ್ಳೆ ಹಾಕುವುದು ಮನೆಯವರೆಗೂ ಕೇಳುತ್ತಿತ್ತು. ಗಂಡ ಮುಂದಿನ ಕೋಣೆಯಲ್ಲಿ ಕೈಗೆ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿ, ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಕುಡಿಯುತ್ತಿದ್ದ. ಮನೆಯಲ್ಲಿ ಯಾರೂ ಯಾರಿಗೂ ಹೊಡೆಯದೆ ವಾರಗಳು ಕಳೆದವು. ಎಲ್ಲ ಸರಿಹೋಯಿತೆಂದೇ ಗಿಡ್ಡಿ ನಂಬಿದ್ದಳು, ಖುಷಿಯಾಗಿಯೂ ಇದ್ದಳು.

ಒಂದು ಮಧ್ಯಾಹ್ನ ಅವಳು ಹಸಿದು ಕೆಳಗೆ ಬಂದು ಕೈತೊಳೆದು ಕೂತಳು. ಅತ್ತೆ ಬಿಸಿ ರೊಟ್ಟಿಯನ್ನು ಎಲ್ಲರಿಗಿಂತ ಮೊದಲು ಅವಳ ತಟ್ಟೆಗೆ ಹಾಕಿ, ಪಕ್ಕದಲ್ಲಿ ಆಲೂಗಡ್ಡೆ ಬಡಿಸಿ, ನಿಂತಳು. ಮಾವ ತನ್ನ ಸರದಿಗೆ ಕಾಯುತ್ತ ತಟ್ಟೆ ನೋಡುತ್ತಿದ್ದ.

ಗಿಡ್ಡಿ ಒಂದು ತುತ್ತು ಬಾಯಿಗಿಟ್ಟಳು. "ತಳ ಹಿಡಿದಿದೆ ಕಣತ್ತೆ" ಎಂದಳು. ಮನಸ್ಸಿನಲ್ಲಿ ಏನನ್ನೋ ಇಟ್ಟುಕೊಂಡು ಹೇಳಿದ್ದಲ್ಲ. ನೀರಿನ ಲೋಟಕ್ಕೆಂದು ಕೈ ಚಾಚಿದಳು.

ಅತ್ತೆ ಥಟ್ಟನೆ ಮೊಣಕೈ ಎತ್ತಿ ಮುಖ ಮರೆಮಾಡಿಕೊಂಡು ಗೋಡೆಗೆ ಸರಿದಳು.

ಗಿಡ್ಡಿಯ ಕೈ ಲೋಟದ ಬಳಿಯೇ ನಿಂತುಹೋಯಿತು. ಮೊದಲು ಅವಳಿಗೆ ಹಿತವಾಯಿತು. ಎಷ್ಟು ಹಿತವೆಂದರೆ ನಗು ತುಟಿಯವರೆಗೆ ಬಂತು. ಆ ಹಿತ ಎಂಥದೆಂದು ಗೊತ್ತಾದ ಕೂಡಲೇ ಚಾಚಿದ ಕೈಯನ್ನು ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡಳು. 

"ಅತ್ತೆ, ಕೈ ಇಳಿಸಿ" ಎಂದಳು. "ನಾನು ಹೊಡೆಯಲ್ಲ."

ಅತ್ತೆ ಮೊಣಕೈಯ ಸಂದಿನಿಂದ ನೋಡಿದಳು. ಕೈ ಇಳಿಸಿದಳು, ನಿಧಾನವಾಗಿ, ಅರ್ಧಕ್ಕೆ.

"ನಿನ್ನ ಮಾವಾನೂ ಮೊದಮೊದಲು ಹಾಗೇ ಅಂತಿದ್ರು" ಎಂದು ಹೇಳಿ, ತಳ ಹಿಡಿಯದ ಕಡೆಯಿಂದ ಹುಡುಕಿ ಹುಡುಕಿ ತೆಗೆದು ಇನ್ನಷ್ಟು ಬಡಿಸಿದಳು.